ತಿಳಿಯದೆ ಆದ ತಪ್ಪೂ ತಿಳಿದು ಮಾಡಿದ ಪಾಪವೂ: ಜಾನ್ ವೆಸ್ಲಿಯವರ ಚರಿತ್ರೆ

ನಮ್ಮ ಹಳ್ಳಿಯ ಸಭೆಗಳಲ್ಲಿ ಎರಡು ವಿಧವಾದ ಜನರನ್ನು ನಾವು ಕಾಣುತ್ತೇವೆ. ಒಬ್ಬನು ತೊಗರಿಯ ತೂಕದಲ್ಲಿ ಮೋಸಮಾಡಿ, ಸಿಕ್ಕಿಬಿದ್ದಾಗ ತಪ್ಪಾಯಿತೆಂದು ಕೈಮುಗಿದು, ಮರುವಾರದ ಸಂತೆಯಲ್ಲಿ ಅದೇ ತಕ್ಕಡಿಯನ್ನು ಎತ್ತುತ್ತಾನೆ. ಮತ್ತೊಬ್ಬಳು ಜ್ವರದಲ್ಲಿ ಮಲಗಿದ್ದ ಮಗುವಿಗೆ ಕತ್ತಲೆಯಲ್ಲಿ ಬೇರೆ ಔಷಧವನ್ನು ಕುಡಿಸಿದ ತಾಯಿ. ಅವಳು ತನ್ನ ಮೇಲೆ ದೇವರ ಕೋಪವಿದೆ ಎಂದು ನಂಬಿ, ಕರ್ತನ ಭೋಜನಕ್ಕೆ ಬರಲು ವರುಷಗಟ್ಟಲೆ ಅಂಜುತ್ತಾಳೆ. ಮೊದಲನೆಯವನು ತನ್ನ ಪಾಪಕ್ಕೆ ತಪ್ಪೆಂದು ಹೆಸರಿಟ್ಟನು. ಎರಡನೆಯವಳು ತನ್ನ ತಪ್ಪಿಗೆ ಪಾಪವೆಂದು ಹೆಸರಿಟ್ಟಳು. ನಮ್ಮ ಮಾತಿನಲ್ಲಿ ತಪ್ಪು ಎಂಬ ಒಂದೇ ಶಬ್ದವು ಎರಡಕ್ಕೂ ನಡೆಯುವದರಿಂದ ಈ ಗಲಿಬಿಲಿಯು ಹೆಚ್ಚುತ್ತದೆ. ಆದರೆ ಇವೆರಡನ್ನೂ ಬೇರ್ಪಡಿಸಲು ತಿಳಿಯದವನ ಆತ್ಮಕ್ಕೆ ದೊಡ್ಡ ನಷ್ಟವುಂಟು.

ಈ ವಿಚಾರವು ನಮ್ಮ ಸೀಮೆಗೆ ಹೊಸದಲ್ಲ. ಈಗ ಬಸವಕಲ್ಯಾಣವೆಂದು ಕರೆಯಲ್ಪಡುವ ಊರು ಚಾಲುಕ್ಯ ಅರಸರ ರಾಜಧಾನಿಯಾಗಿದ್ದಾಗ, ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ವಿಜ್ಞಾನೇಶ್ವರನೆಂಬ ಪಂಡಿತನು ಅಲ್ಲಿ ಇದ್ದನು. ಯಾಜ್ಞವಲ್ಕ್ಯ ಸ್ಮೃತಿಯ ಮೇಲೆ ಅವನು ಬರೆದ ಮಿತಾಕ್ಷರಾ ಎಂಬ ವ್ಯಾಖ್ಯಾನವು ಹಿಂದೂದೇಶದಲ್ಲೆಲ್ಲಾ ಪ್ರಸಿದ್ಧವಾಗಿ, ಆಸ್ತಿಯ ವ್ಯಾಜ್ಯಗಳಲ್ಲಿ ನ್ಯಾಯಸ್ಥಾನದವರಿಗೂ ಆಧಾರವಾಯಿತು. ಆ ಗ್ರಂಥದ ಮೂರನೆಯ ಭಾಗವು ಪ್ರಾಯಶ್ಚಿತ್ತವನ್ನು ಕುರಿತದ್ದು. ಅರಿಯದೆ ಮಾಡಿದ ಪಾತಕವನ್ನೂ ಬೇಕೆಂದು ಮಾಡಿದ ಪಾತಕವನ್ನೂ ಅಲ್ಲಿ ಬೇರೆಬೇರೆಯಾಗಿ ವಿಚಾರಿಸಿದ್ದಾರೆ. ಹೀಗೆ ಸುವಾರ್ತೆಯ ಬೆಳಕು ಈ ಸೀಮೆಗೆ ಬರುವ ಮುಂಚೆಯೂ ಮನುಷ್ಯನ ಮನಸ್ಸಾಕ್ಷಿಯು ಈ ಭೇದವನ್ನು ಬಲ್ಲದ್ದಾಗಿತ್ತು. ಆದರೆ ಆ ಶಾಸ್ತ್ರದ ಮಾರ್ಗದಲ್ಲಿ ಮನುಷ್ಯನು ತನ್ನ ವ್ರತದಿಂದಲೂ ದಾನದಿಂದಲೂ ತನ್ನ ಋಣವನ್ನು ತಾನೇ ತೀರಿಸಬೇಕಾಗಿತ್ತು. ಕ್ರೈಸ್ತರು ಈ ಭೇದವನ್ನು ಹೇಗೆ ಅರಿಯತಕ್ಕದ್ದು, ಆ ಋಣವು ಯಾರಿಂದ ತೀರುತ್ತದೆ ಎಂಬದನ್ನು ಒಬ್ಬ ದೇವಸೇವಕರ ಚರಿತ್ರೆಯಿಂದ ತಿಳಿಸಬೇಕೆಂದು ನಾವು ಅಪೇಕ್ಷಿಸುತ್ತೇವೆ.

ಆ ದೇವಸೇವಕರು ಜಾನ್ ವೆಸ್ಲಿಯವರು. ಬೀದರಿಗೂ ಅದರ ಸುತ್ತಣ ಹುಮನಾಬಾದ, ಬಸವಕಲ್ಯಾಣ ಮೊದಲಾದ ಸ್ಥಳಗಳಿಗೂ ನಿಜಾಮರ ಆಳಿಕೆಯ ಕಾಲದಲ್ಲಿ ಸುವಾರ್ತೆಯನ್ನು ಹೊತ್ತು ಬಂದ ಅಮೆರಿಕದ ಮೆಥೊಡಿಸ್ಟ ಮಿಷನಿನವರು ಇವರನ್ನೇ ತಮ್ಮ ಸಭೆಯ ಮೂಲಪುರುಷರೆಂದು ಗೌರವಿಸುತ್ತಿದ್ದರು. ವೆಸ್ಲಿಯವರು ನಮ್ಮ ದೇಶವನ್ನು ಕಣ್ಣಾರೆ ಕಾಣಲಿಲ್ಲ. ಆದರೂ ಪಾಪವೆಂದರೇನು, ತಪ್ಪೆಂದರೇನು ಎಂಬದನ್ನು ಇವರಷ್ಟು ಸ್ಪಷ್ಟವಾಗಿ ವಿವರಿಸಿದ ಬೋಧಕರು ವಿರಳ. ಇವರು ಅದನ್ನು ಪುಸ್ತಕದಿಂದ ಮಾತ್ರವಲ್ಲ, ತಮ್ಮ ಬಾಳಿನ ಎಡವುಗಳಿಂದಲೂ ಕಲಿತರು.

ಅವರು 1703ನೆಯ ಇಸವಿಯಲ್ಲಿ ಇಂಗ್ಲೆಂಡಿನ ಎಪ್ವರ್ತ್ ಎಂಬ ಊರಲ್ಲಿ ಹುಟ್ಟಿದರು. ತಂದೆಯವರಾದ ಸಾಮ್ಯುವೆಲರು ಅಲ್ಲಿಯ ಸಭಾಪಾಲಕರು. ತಾಯಿಯವರಾದ ಸುಸನ್ನಮ್ಮನವರು 19 ಮಕ್ಕಳನ್ನು ಹೆತ್ತು, ಅವರಲ್ಲಿ ಅನೇಕರನ್ನು ಶಿಶುಪ್ರಾಯದಲ್ಲಿಯೇ ಮಣ್ಣಿಗೆ ಕೊಟ್ಟವರು. 1709ರಲ್ಲಿ ಮನೆಗೆ ಬೆಂಕಿ ಹತ್ತಿ, ಐದು ವರುಷದ ಜಾನನು ಮೇಲಂತಸ್ತಿನಲ್ಲಿ ಸಿಕ್ಕಿಕೊಂಡಿರಲಾಗಿ, ನೆರೆಯವರು ಒಬ್ಬರ ಹೆಗಲ ಮೇಲೊಬ್ಬರು ನಿಂತು ಕಿಟಕಿಯಿಂದ ಅವನನ್ನು ಎಳೆದು ಬದುಕಿಸಿದರು. ಆ ತಾಯಿಯವರು ಮಕ್ಕಳನ್ನು ಸಾಕುವದರಲ್ಲಿ ಒಂದು ಕಟ್ಟಳೆಯನ್ನು ನಡಿಸುತ್ತಿದ್ದರು. ತಪ್ಪುಮಾಡಿದ ಮಗುವು ಅದನ್ನು ಮುಚ್ಚಿಡದೆ ಒಪ್ಪಿಕೊಂಡು ತಿದ್ದಿಕೊಳ್ಳುವೆನೆಂದರೆ ಅದಕ್ಕೆ ಪೆಟ್ಟು ಇಲ್ಲ. ಪೆಟ್ಟಿನ ಭಯದಿಂದಲೇ ಮಕ್ಕಳು ಸುಳ್ಳನ್ನು ಕಲಿಯುತ್ತಾರೆಂದು ಅವರು ಕಂಡಿದ್ದರು. ಚಿಕ್ಕ ತಪ್ಪನ್ನು ಮರೆಮಾಡುವದಕ್ಕೆ ಹೇಳಿದ ಸುಳ್ಳು ಆ ತಪ್ಪಿಗಿಂತ ದೊಡ್ಡದು. ನಮ್ಮ ಮನೆಗಳಲ್ಲಿ ಮಡಕೆ ಒಡೆದ ಮಗುವನ್ನೂ ಸುಳ್ಳಾಡಿದ ಮಗುವನ್ನೂ ಒಂದೇ ಕೋಲಿನಿಂದ ಹೊಡೆಯುವ ತಂದೆತಾಯಿಗಳು ಇದನ್ನು ಚೆನ್ನಾಗಿ ಆಲೋಚಿಸಲಿ.

ವೆಸ್ಲಿಯವರು ಆಕ್ಸ್‌ಫರ್ಡ್ ವಿದ್ಯಾಪೀಠದಲ್ಲಿ ಓದಿ, 1726ರಲ್ಲಿ ಅಲ್ಲಿಯ ಲಿಂಕನ್ ಕಾಲೇಜಿನ ಅಧ್ಯಾಪಕವರ್ಗದಲ್ಲಿ ಸೇರಿದರು. ಅವರೂ ಅವರ ತಮ್ಮನಾದ ಚಾರ್ಲ್ಸನೂ ಕೆಲವು ಸ್ನೇಹಿತರೂ ಕೂಡಿ ಪ್ರಾರ್ಥನೆ, ಉಪವಾಸ, ಸೆರೆಯವರ ದರ್ಶನ ಇವೆಲ್ಲವನ್ನೂ ಗಳಿಗೆ ತಪ್ಪದೆ ನಡಿಸುತ್ತಿದ್ದರು. ಇದನ್ನು ನೋಡಿದವರು ಇವರನ್ನು ಕ್ರಮದವರು ಎಂಬರ್ಥದಿಂದ ಮೆಥೊಡಿಸ್ಟರೆಂದು ಹಾಸ್ಯಮಾಡಿದರು. ಆ ಹಾಸ್ಯದ ಹೆಸರೇ ಮುಂದೆ ಸಭೆಯ ಹೆಸರಾಯಿತು. ಆದರೆ ಅಷ್ಟೆಲ್ಲಾ ಕ್ರಮವಿದ್ದರೂ ಅವರ ಹೃದಯದಲ್ಲಿ ಸಮಾಧಾನವಿರಲಿಲ್ಲ. ನಿಯಮವು ಒಂದು ಕೂದಲಷ್ಟು ತಪ್ಪಿದರೂ ದೇವರು ತನ್ನನ್ನು ತಳ್ಳಿಬಿಡುವನೋ ಎಂಬ ಭೀತಿಯು ಅವರನ್ನು ಹಿಡಿದಿತ್ತು.

1735ರಲ್ಲಿ ಅವರು ಅಮೆರಿಕದ ಜಾರ್ಜಿಯಾ ಎಂಬ ಹೊಸ ಸೀಮೆಗೆ ಬೋಧಕರಾಗಿ ಹಡಗು ಹತ್ತಿದರು. ಅಲ್ಲಿ ಸವಾನ್ನಾ ಪಟ್ಟಣದ ಮುಖ್ಯ ಅಧಿಕಾರಿಯ ಮನೆಯಲ್ಲಿ ಬೆಳೆದ ಸೋಫಿಯಾ ಎಂಬ ಕನ್ಯೆಯ ಮೇಲೆ ಅವರಿಗೆ ಪ್ರೀತಿ ಹುಟ್ಟಿತು. ಮದುವೆಯಾಗಬೇಕೋ ಬೇಡವೋ ಎಂದು ಅವರು ತೂಗಾಡುತ್ತಿರುವಾಗಲೇ 1737ರಲ್ಲಿ ಅವಳು ಬೇರೊಬ್ಬನನ್ನು ಮದುವೆಯಾದಳು. ಕೆಲವು ತಿಂಗಳ ಮೇಲೆ ವೆಸ್ಲಿಯವರು ಸಭೆಯ ನಿಯಮಗಳನ್ನು ಕಾರಣವಾಗಿ ಹೇಳಿ ಅವಳಿಗೆ ಕರ್ತನ ಭೋಜನವನ್ನು ಕೊಡಲಿಲ್ಲ. ಊರವರು ಅದನ್ನು ಹಗೆಯೆಂದರು. ಅವಳ ಗಂಡನು ಮೊಕದ್ದಮೆ ಹೂಡಿದನು. ಆ ವರ್ಷದ ದಶಂಬರಿನಲ್ಲಿ ವೆಸ್ಲಿಯವರು ಅವಮಾನದಿಂದ ಆ ಸೀಮೆಯನ್ನು ಬಿಟ್ಟುಹೋದರು.

ಅದು ಪಾಪವೋ ತಪ್ಪೋ? ನಿಯಮವನ್ನು ಕಾಪಾಡಬೇಕೆಂಬ ಉದ್ದೇಶವೂ ನೊಂದ ಹೃದಯದ ಕಹಿಯೂ ಒಂದರೊಳಗೊಂದು ಸೇರಿಕೊಂಡಾಗ ಹೊರಗಿನವರು ಅದನ್ನು ಬೇರ್ಪಡಿಸಲಾರರು. ಹೃದಯಗಳನ್ನು ಪರೀಕ್ಷಿಸುವಾತನು ದೇವರೊಬ್ಬನೇ. ನಮ್ಮ ಸಭೆಯ ಹಿರಿಯರು ಒಬ್ಬನನ್ನು ಪಂಕ್ತಿಯಿಂದ ಹೊರಗಿಡಲು ಕೂಡಿದಾಗ, ಅವನು ಬೇಕೆಂದು ಮಾಡಿದನೋ ತಿಳಿಯದೆ ಮಾಡಿದನೋ ಎಂದು ಕೇಳುವದು ಅವಶ್ಯ. ನಾವು ಈ ತೀರ್ಪು ಮಾಡುವದು ಸಭೆಯ ಮೇಲಣ ಪ್ರೀತಿಯಿಂದಲೋ ಹಳೆಯ ಹಗೆಯಿಂದಲೋ ಎಂದು ತಮ್ಮನ್ನೇ ಕೇಳಿಕೊಳ್ಳುವದು ಅದಕ್ಕಿಂತ ಅವಶ್ಯ.

ಹೀಗೆ ಸೋತು ಹಿಂದಿರುಗಿದ ವೆಸ್ಲಿಯವರಿಗೆ 1738ನೆಯ ಮೇ 24ರ ಸಾಯಂಕಾಲ ದೇವರು ಸಮಾಧಾನವನ್ನು ದಯಪಾಲಿಸಿದನು. ಲಂಡನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಚಿಕ್ಕ ಕೂಟದಲ್ಲಿ, ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರರು ಬರೆದ ಪೀಠಿಕೆಯನ್ನು ಒಬ್ಬರು ಓದುತ್ತಿದ್ದರು. ಕೇಳುತ್ತಾ ಕೂತಿದ್ದ ವೆಸ್ಲಿಯವರ ಹೃದಯವು ಬೆಚ್ಚಗಾಯಿತು. ಕ್ರಿಸ್ತನು ತನ್ನ ಪಾಪಗಳನ್ನು, ತನ್ನವುಗಳನ್ನೇ, ತೆಗೆದುಹಾಕಿದ್ದಾನೆಂಬ ಭರವಸೆಯು ಅವರಲ್ಲಿ ಹುಟ್ಟಿತು. ಅಂದಿನಿಂದ ಅವರು ದೇವರಿಗೆ ಅಂಜುವ ದಾಸರಾಗಿರದೆ ಮಗನಂತೆ ನಡೆದರು. ಈ ಭರವಸೆಯು ಮೊದಲು ಬಂದರೇನೇ ತಪ್ಪನ್ನೂ ಪಾಪವನ್ನೂ ನೇರವಾಗಿ ನೋಡುವ ಧೈರ್ಯ ಬರುವದು.

ಮರುವರುಷವೇ ಅವರಿಗೆ ಒಂದು ಪರೀಕ್ಷೆ ಬಂದಿತು. ದೇವಾಲಯದ ಹೊರಗೆ ಬೋಧಿಸುವದು ಹೆಚ್ಚುಕಡಿಮೆ ಪಾಪವೇ ಎಂದು ಅವರು ಅದುವರೆಗೂ ಎಣಿಸಿದ್ದರು. ಆದರೆ ಬ್ರಿಸ್ಟಲಿನ ಕಲ್ಲಿದ್ದಲು ಗಣಿಯ ಕೂಲಿಯವರು ದೇವಾಲಯಕ್ಕೆ ಬರುವವರಲ್ಲ. 1739ನೆಯ ಏಪ್ರಿಲ್ 2ರಂದು ಅವರು ಬಯಲಿನಲ್ಲಿ ನಿಂತು ಬೋಧಿಸಿದರು. ಸಾವಿರಾರು ಜನರು ಕೇಳಿದರು. ಪಾಪವಲ್ಲದ್ದನ್ನು ಪಾಪವೆಂದು ಕರೆದುದರಿಂದ ಎಷ್ಟು ಒಳ್ಳೇದು ತಡವಾಗುತ್ತದೆಂದು ಅವರು ಆಗ ಕಂಡುಕೊಂಡರು. ಸ್ವಲ್ಪ ಕಾಲದ ಮೇಲೆ ದೀಕ್ಷೆಯಿಲ್ಲದ ಥಾಮಸ್ ಮ್ಯಾಕ್ಸ್‌ಫೀಲ್ಡನೆಂಬ ಯುವಕನು ಲಂಡನಿನ ಕೂಟದಲ್ಲಿ ಬೋಧಿಸಲಾರಂಭಿಸಿದನೆಂದು ಕೇಳಿ, ಅವನನ್ನು ನಿಲ್ಲಿಸಬೇಕೆಂದು ವೆಸ್ಲಿಯವರು ತ್ವರೆಯಾಗಿ ಬಂದರು. ಮುಪ್ಪಿನವರಾಗಿದ್ದ ತಾಯಿಯವರು ಅವರನ್ನು ತಡೆದು, ಮೊದಲು ಅವನ ಬೋಧನೆಯ ಫಲವನ್ನು ನೋಡೆಂದೂ ಕಿವಿಯಾರೆ ಕೇಳೆಂದೂ ಬುದ್ಧಿಹೇಳಿದರು. ವೆಸ್ಲಿಯವರು ಕೇಳಿ ತಮ್ಮ ಎಣಿಕೆ ತಪ್ಪೆಂದು ಒಪ್ಪಿಕೊಂಡರು. ಹಳ್ಳಿಹಳ್ಳಿಗಳಲ್ಲಿ ದೀಕ್ಷೆಯಿಲ್ಲದ ಉಪದೇಶಿಗಳು ಬೋಧಿಸುವ ಪದ್ಧತಿಯು ಹೀಗೆ ಬೇರೂರಿತು. ದೊಡ್ಡವರು ತಮ್ಮ ತಪ್ಪನ್ನು ಒಪ್ಪಿಕೊಂಡದ್ದರ ಫಲವನ್ನು ನಮ್ಮ ಸಭೆಗಳು ಇಂದಿಗೂ ಉಣ್ಣುತ್ತವೆ.

ಇನ್ನು ಔಷಧದ ಪುಸ್ತಕದ ಸಂಗತಿಯನ್ನು ಹೇಳುವೆವು. ವೈದ್ಯರಿಗೆ ಹಣ ಕೊಡಲಾರದ ಬಡವರಿಗಾಗಿ ವೆಸ್ಲಿಯವರು 1747ರಲ್ಲಿ ಮನೆಮದ್ದುಗಳ ಒಂದು ಪುಸ್ತಕವನ್ನು ಪ್ರಕಟಿಸಿದರು. ಅದು ಅನೇಕಾವರ್ತಿ ಅಚ್ಚಾಗಿ ಮನೆಮನೆಗೂ ಸೇರಿತು. ಅದರಲ್ಲಿ ಒಂದು ಕಡೆ, ವಾಂತಿಮಾಡಿಸುವದಕ್ಕಾಗಿ ತಾಮ್ರದ ಕಿಲುಬಿನಿಂದಾದ ಮದ್ದನ್ನು ಒಂದೆರಡು ಗ್ರೇನಿನಷ್ಟು ಕೊಡಬೇಕೆಂದು ಅವರು ಬರೆದಿದ್ದರು. ಅಚ್ಚಿನವನ ಪ್ರಮಾದದಿಂದ ಕೆಲವು ಪ್ರತಿಗಳಲ್ಲಿ ಗ್ರೇನು ಎಂಬಲ್ಲಿ ಡ್ರಾಮು ಎಂದು ಬಿದ್ದಿತು. ಒಂದು ಡ್ರಾಮಿಗೆ 60 ಗ್ರೇನುಗಳು. ಆದಕಾರಣ ಮದ್ದೇ ವಿಷವಾಗುವ ಸಂಭವವಿತ್ತು. 1775ರ ಸುಮಾರಿಗೆ ಒಬ್ಬನು ಇದನ್ನು ಕಟುವಾಗಿ ಹೊರಗೆಡಹಿದನು. ವೆಸ್ಲಿಯವರು ವೃತ್ತಪತ್ರಿಕೆಯಲ್ಲಿಯೇ ಉತ್ತರ ಕೊಟ್ಟು, ಅವನ ಮಾತಿನ ಒರಟುತನವನ್ನು ಹೇಳಿದರೂ ತಪ್ಪನ್ನು ತೋರಿಸಿದ್ದಕ್ಕೆ ಉಪಕಾರವನ್ನು ಹೇಳಿ, ಪುಸ್ತಕವುಳ್ಳವರೆಲ್ಲರು ಆ ಶಬ್ದವನ್ನು ಲೇಖನಿಯಿಂದ ತಿದ್ದಿಕೊಳ್ಳಬೇಕೆಂದು ಬೇಡಿಕೊಂಡರು.

ವಾಚಕರೇ, ಇಲ್ಲಿ ಸ್ವಲ್ಪ ನಿಲ್ಲಿರಿ. ಅಚ್ಚಿನ ಆ ಪ್ರಮಾದವು ಭಯಂಕರವಾಗಿದ್ದರೂ ಅದರಲ್ಲಿ ಯಾರ ದುರ್ಬುದ್ಧಿಯೂ ಇರಲಿಲ್ಲ. ಆದರೆ ಅದನ್ನು ತಿಳಿದ ಮೇಲೆ ತನ್ನ ಮಾನ ಹೋದೀತೆಂದು ವೆಸ್ಲಿಯವರು ಸುಮ್ಮನಿದ್ದಿದ್ದರೆ, ಆ ಕ್ಷಣದಿಂದ ಅದು ಪಾಪವಾಗುತ್ತಿತ್ತು. ಆಗಿಹೋದ ಹಾನಿಯು ಎಷ್ಟು ದೊಡ್ಡದೆಂಬದರಿಂದ ಪಾಪವು ಅಳೆಯಲ್ಪಡುವದಿಲ್ಲ. ತಿಳುವಳಿಕೆಯೂ ಮನಸ್ಸೂ ಆಗ ಎಲ್ಲಿದ್ದವು ಎಂಬದರಿಂದ ಅಳೆಯಲ್ಪಡುತ್ತದೆ. ನಾವು ಮೊದಲು ಹೇಳಿದ ತಾಯಿಯ ಸಂಗತಿಯನ್ನೂ ಹೀಗೆಯೇ ಎಣಿಸಿರಿ. ಮಗುವನ್ನು ಬದುಕಿಸುವದಕ್ಕೆಂದೇ ಅವಳು ಕೈಚಾಚಿದಳು. ಅವಳ ಕಣ್ಣು ತಪ್ಪಿತು. ಅವಳ ಪ್ರೀತಿಯು ತಪ್ಪಲಿಲ್ಲ. ಅವಳು ಅಳಬಹುದು, ಅಳಲೂ ಬೇಕು. ಆದರೆ ಕೊಲೆಗಾತಿಯೆಂದು ತನ್ನನ್ನು ತಾನು ಕರೆದುಕೊಳ್ಳುವದಕ್ಕೆ ದೇವರ ವಾಕ್ಯದಲ್ಲಿ ಆಧಾರವಿಲ್ಲ. ಧರ್ಮೋಪದೇಶಕಾಂಡದಲ್ಲಿ, ಕಾಡಿನಲ್ಲಿ ಮರಕಡಿಯುವವನ ಕೊಡಲಿಯು ಕಾವಿನಿಂದ ಜಾರಿ ಜೊತೆಗಾರನನ್ನು ಕೊಂದರೆ ಅವನು ಆಶ್ರಯದ ಪಟ್ಟಣಕ್ಕೆ ಓಡಿಹೋಗಿ ಬದುಕಬೇಕೆಂದು ದೇವರು ನೇಮಿಸಲಿಲ್ಲವೇ? ಇಸ್ರಾಯೇಲ್ಯರಿಗೆ ಇಂಥ ಆರು ಪಟ್ಟಣಗಳನ್ನು ಏರ್ಪಡಿಸಿದ್ದನು. ಹಗೆಯಿಂದ ಹೊಂಚಿಕೊಂದವನಿಗೆ ಅಲ್ಲಿ ಆಶ್ರಯವಿರಲಿಲ್ಲ.

ವೆಸ್ಲಿಯವರ ಬೋಧನೆಯ ಸಾರವು ಇದೇ. ತಿಳಿದಿರುವ ದೇವರ ಆಜ್ಞೆಯನ್ನು ಬೇಕೆಂದು ಮೀರುವದು ಸರಿಯಾದ ಅರ್ಥದಲ್ಲಿ ಪಾಪವೆಂದು ಅವರು ಕಲಿಸಿದರು. ತಿಳಿಯದೆಯಾಗಲಿ ಮನಸ್ಸಿಲ್ಲದೆಯಾಗಲಿ ಆಗುವ ಮೀರುವಿಕೆಯನ್ನು ಆ ಅರ್ಥದಲ್ಲಿ ಪಾಪವೆಂದು ಅವರು ಕರೆಯಲಿಲ್ಲ. ದೇವರನ್ನು ಪೂರ್ಣಹೃದಯದಿಂದ ಪ್ರೀತಿಸುವವನೂ ಶರೀರದಲ್ಲಿರುವ ತನಕ ಅಜ್ಞಾನಕ್ಕೂ ಮರೆವಿಗೂ ತಪ್ಪುತಿಳುವಳಿಕೆಗೂ ಒಳಗಾಗಿರುವನು. ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಮೈಗಳ್ಳರ ಬೋಧನೆಯಾಗುತ್ತಿತ್ತು. ಆದರೆ ತಿಳಿಯದೆ ಆದ ತಪ್ಪಿಗೂ ಕ್ರಿಸ್ತನ ಪ್ರಾಯಶ್ಚಿತ್ತರಕ್ತವು ಬೇಕೇ ಬೇಕೆಂದು ಅವರು ಅಷ್ಟೇ ಬಲವಾಗಿ ಹೇಳಿದರು. ದೇವರ ನ್ಯಾಯಪ್ರಮಾಣವು ಪರಿಪೂರ್ಣವಾದದ್ದು. ಅದಕ್ಕೆ ಕಡಿಮೆಯಾದದ್ದೆಲ್ಲವೂ ಕೃಪೆಯಿಂದಲೇ ಮುಚ್ಚಲ್ಪಡಬೇಕು. ಮೋಶೆಯ ಧರ್ಮಶಾಸ್ತ್ರದಲ್ಲಿಯೂ ತಿಳಿಯದೆ ತಪ್ಪಿದವನಿಗಾಗಿ ಯಜ್ಞವು ನೇಮಕವಾಗಿತ್ತು. ಕೈಯೆತ್ತಿ ದೇವರನ್ನು ಧಿಕ್ಕರಿಸಿದವನ ವಿಷಯವೇ ಬೇರೆ. ಆದಕಾರಣ ತಪ್ಪಿದವನು ಎದೆಗುಂದಬೇಕಾಗಿಲ್ಲ, ಹೆಮ್ಮೆಪಡಲೂ ಆಗದು. ಪಾಪಮಾಡಿದವನಾದರೋ ಮಾನಸಾಂತರದಿಂದ ಅದೇ ಶಿಲುಬೆಯ ಬಳಿಗೆ ಬಂದರೆ ತಳ್ಳಲ್ಪಡುವದಿಲ್ಲ.

ಈ ಬೋಧನೆಯನ್ನು ಕೆಡಿಸಿದವರೂ ಇದ್ದರು. 1762ರಲ್ಲಿ ಲಂಡನಿನ ಸಭೆಯಲ್ಲಿ, ಮೊದಲು ಸೈನ್ಯದಲ್ಲಿದ್ದ ಜಾರ್ಜ್ ಬೆಲ್ಲನೂ ಅವನ ಸಂಗಡಿಗರೂ ತಮ್ಮ ಪವಿತ್ರತೆಯನ್ನು ಕುರಿತು ಮಿತಿಮೀರಿ ಕೊಚ್ಚಿಕೊಳ್ಳುತ್ತಾ, ಯಾರ ಬುದ್ಧಿವಾದವನ್ನೂ ಕೇಳದವರಾದರು. ಮೇಲೆ ಹೇಳಿದ ಮ್ಯಾಕ್ಸ್‌ಫೀಲ್ಡನೂ ಅವರ ಪಕ್ಷವಾದನು. ವೆಸ್ಲಿಯವರು ಅವರು ತಿದ್ದಿಕೊಂಡಾರೆಂದು ಬಹಳ ದಿನ ತಾಳಿದರು. ಆ ತಾಳ್ಮೆಯೂ ಅತಿಯಾಯಿತು. ಕಡೆಗೆ ಬೆಲ್ಲನು 1763ನೆಯ ಫೆಬ್ರವರಿ 28ರಂದು ಲೋಕವು ಅಂತ್ಯವಾಗುವದೆಂದು ಸಾರಿದನು. ಊರೆಲ್ಲಾ ಗದ್ದಲವಾಯಿತು. ಆ ದಿನ ವೆಸ್ಲಿಯವರು ಬೋಧಿಸಿ ಜನರ ಭಯವನ್ನು ಬಿಡಿಸಿದರು. ಆದರೂ ಕೆಲವರು ಅಂಜಿ ರಾತ್ರಿಯೆಲ್ಲಾ ಹೊಲಗಳಲ್ಲಿ ಅಲೆದಾಡಿದರು. ಬೆಳಗಾಯಿತು, ಲೋಕವು ಇದ್ದ ಹಾಗೆಯೇ ಇತ್ತು. ಅನೇಕರು ಸಭೆಯನ್ನು ಬಿಟ್ಟುಹೋದರು. ದಿನವನ್ನು ಎಣಿಸುವದರಲ್ಲಿ ತಪ್ಪಿದ್ದು ಬುದ್ಧಿಯ ತಪ್ಪು. ತಾನು ತಪ್ಪಲಾರೆನೆಂದು ತಿದ್ದುವವರನ್ನು ತಳ್ಳಿದ್ದು ಗರ್ವವೆಂಬ ಪಾಪ. 1766ರಲ್ಲಿ ವೆಸ್ಲಿಯವರು ಕ್ರೈಸ್ತ ಪರಿಪೂರ್ಣತೆಯನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಪಾಪಕ್ಕೂ ತಪ್ಪಿಗೂ ಇರುವ ಭೇದವನ್ನು ವಿಸ್ತಾರವಾಗಿ ವಿವರಿಸಿದ್ದಾರೆ.

ಆದರೆ ತಿಳಿಯಲಿಲ್ಲವೆಂಬ ಮಾತು ಎಲ್ಲಾ ಕಾಲದಲ್ಲಿಯೂ ಮನುಷ್ಯನನ್ನು ಬಿಡಿಸದು. ಆ ದಿನಗಳಲ್ಲಿ ಇಂಗ್ಲಿಷ್ ವರ್ತಕರು ಆಫ್ರಿಕದ ಜನರನ್ನು ಹಿಡಿದು ದಾಸರಾಗಿ ಮಾರುತ್ತಿದ್ದರು. ದೇವಾಲಯಕ್ಕೆ ಹೋಗುವವರೂ ಅದರಲ್ಲಿ ಹಣ ಹೂಡಿದ್ದರು. ವೆಸ್ಲಿಯವರು 1772ರಲ್ಲಿ ಆಂತೊನಿ ಬೆನೆಜೆಟ್ ಎಂಬವರ ಪುಸ್ತಕವನ್ನು ಓದಿ, ಆ ವ್ಯಾಪಾರದ ಕ್ರೌರ್ಯವನ್ನು ಚೆನ್ನಾಗಿ ತಿಳಿದು, 1774ರಲ್ಲಿ ದಾಸತ್ವದ ವಿರೋಧವಾಗಿ ಒಂದು ಪುಸ್ತಕವನ್ನು ಹೊರಡಿಸಿದರು. ಕೊಂಡುಕೊಳ್ಳುವವರು ತಾವು ನ್ಯಾಯವಾಗಿ ಹಣ ಕೊಟ್ಟೆವೆಂದೂ ದಾಸರು ಹೇಗೆ ಸಿಕ್ಕಿದರೆಂದು ವಿಚಾರಿಸುವದು ತಮ್ಮ ಕೆಲಸವಲ್ಲವೆಂದೂ ಹೇಳುತ್ತಿದ್ದರು. ವೆಸ್ಲಿಯವರು ಆ ನೆವವನ್ನು ಒಪ್ಪಲಿಲ್ಲ. ವಿಚಾರಿಸುವದೇ ಅವರ ಕರ್ತವ್ಯವೆಂದೂ ಕೊಳ್ಳುವವನಿಲ್ಲದಿದ್ದರೆ ಕದಿಯುವವನೂ ಇರುವದಿಲ್ಲವೆಂದೂ ತೋರಿಸಿದರು. ಬೇಕೆಂದು ಕಣ್ಣುಮುಚ್ಚಿಕೊಂಡವನ ಕತ್ತಲೆಯು ಅಜ್ಞಾನವಲ್ಲ. ನಮ್ಮಲ್ಲಿಯೂ ಕದ್ದ ಎತ್ತನ್ನು ಕಡಿಮೆ ಬೆಲೆಗೆ ಕೊಂಡು, ಅದು ಯಾರದೆಂದು ಕೇಳದವನು ತಿಳಿಯದೆ ತಪ್ಪಿದವನಲ್ಲ, ತಿಳಿಯಬಾರದೆಂದು ಎಚ್ಚರಿಕೆಪಟ್ಟವನು.

ವೆಸ್ಲಿಯವರ ಮನೆಯ ಬಾಳು ಸುಖವಾದದ್ದಾಗಿರಲಿಲ್ಲ. 1751ರಲ್ಲಿ ತ್ವರೆಯಿಂದ ಮಾಡಿಕೊಂಡ ಮದುವೆಯು ಇಬ್ಬರಿಗೂ ದುಃಖವನ್ನೇ ತಂದಿತು. ಆದರೂ ಅವರು ಕೆಲಸವನ್ನು ಬಿಡಲಿಲ್ಲ. ಐವತ್ತು ವರುಷಗಳಿಗೆ ಮೇಲ್ಪಟ್ಟು ಬಹುಮಟ್ಟಿಗೆ ಕುದುರೆಯ ಮೇಲೆ ಸುಮಾರು 2,50,000 ಮೈಲಿ ಪ್ರಯಾಣಮಾಡಿ, ಸುಮಾರು 40,000 ಪ್ರಸಂಗಗಳನ್ನು ಮಾಡಿದರೆಂದು ಎಣಿಸುತ್ತಾರೆ. 1791ನೆಯ ಫೆಬ್ರವರಿ 24ರಂದು, ದಾಸವ್ಯಾಪಾರವನ್ನು ನಿಲ್ಲಿಸಲು ಹೋರಾಡುತ್ತಿದ್ದ ವಿಲ್ಬರ್‌ಫೋರ್ಸರಿಗೆ ಧೈರ್ಯಹೇಳಿ ಪತ್ರ ಬರೆದರು. ಮಾರ್ಚಿ 2ರಂದು 87 ವರುಷದವರಾಗಿ ಲಂಡನಿನಲ್ಲಿ ಸಮಾಧಾನದಿಂದ ಕರ್ತನಲ್ಲಿ ನಿದ್ರೆಹೋದರು. 1807ರಲ್ಲಿ ಬ್ರಿಟಿಷರ ದಾಸವ್ಯಾಪಾರವು ಕಾನೂನಿನಿಂದ ನಿಂತಿತು. ಅಮೆರಿಕದಲ್ಲಿ 1784ರಲ್ಲಿ ಸ್ಥಾಪನೆಯಾದ ಮೆಥೊಡಿಸ್ಟ ಸಭೆಯಿಂದ ವಿಲಿಯಂ ಬಟ್ಲರರು 1856ರಲ್ಲಿ ಹಿಂದೂದೇಶಕ್ಕೆ ಬಂದರು. ಆ ಸಭೆಯ ಕೆಲಸವು ಕಾಲಕ್ರಮದಲ್ಲಿ ಬೀದರ ಸೀಮೆಗೂ ಹಬ್ಬಿತು.

ಈ ಚರಿತ್ರೆಯಿಂದ ನಾವು ಏನು ಮಾಡತಕ್ಕದ್ದು? ರಾತ್ರಿ ಮಲಗುವ ಮುಂಚೆ ದೇವರ ಸನ್ನಿಧಿಯಲ್ಲಿ ಮೂರು ಮಾತುಗಳನ್ನು ನಮ್ಮನ್ನೇ ಕೇಳಿಕೊಳ್ಳೋಣ. ಇದು ತಪ್ಪೆಂದು ನನಗೆ ಮುಂಚೆ ತಿಳಿದಿತ್ತೋ? ತಿಳಿದೂ ನಾನು ಅದನ್ನು ಬಯಸಿದೆನೋ? ಈಗ ತಿಳಿದ ಮೇಲೆ ಅದನ್ನು ತಿದ್ದಲು ಮನಸ್ಸುಳ್ಳವನಾಗಿದ್ದೇನೋ? ತಿಳಿದು ಮಾಡಿದ್ದಾದರೆ ಅದನ್ನು ಪಾಪವೆಂದೇ ಕರೆದು, ದೇವರಿಗೂ ನೊಂದವನಿಗೂ ಅರಿಕೆಮಾಡಿ, ತೆಗೆದುಕೊಂಡದ್ದನ್ನು ಹಿಂದಕ್ಕೆ ಕೊಡೋಣ. ತಿಳಿಯದೆ ಆದದ್ದಾದರೆ, ಕೂಡಿದಷ್ಟು ಸರಿಪಡಿಸಿ, ಉಳಿದದ್ದನ್ನು ಕ್ರಿಸ್ತನ ಕೈಗೆ ಒಪ್ಪಿಸಿ ನಿದ್ರೆಮಾಡೋಣ. ದೀಕ್ಷಾಸ್ನಾನಕ್ಕೆ ಮುಂಚೆ ಅಜ್ಞಾನದಲ್ಲಿ ನಡೆದವುಗಳಿಗಾಗಿ ಇನ್ನೂ ನಡುಗುವವರು ಪೌಲನನ್ನು ನೆನಸಲಿ. ಸಭೆಯನ್ನು ಹಿಂಸಿಸಿದವನಾದರೂ ಅವಿಶ್ವಾಸಿಯಾಗಿ ತಿಳಿಯದೆ ಮಾಡಿದ್ದರಿಂದ ಅವನು ಕರುಣೆಯನ್ನು ಹೊಂದಿ ಅಪೊಸ್ತಲನಾದನು. ಆದರೆ ಯಜಮಾನನ ಚಿತ್ತವನ್ನು ತಿಳಿದೂ ಮಾಡದ ಆಳಿಗೆ ಬಹಳ ಪೆಟ್ಟುಗಳೆಂದು ಕರ್ತನು ಎಚ್ಚರಿಸಿದ್ದಾನೆ. ವೇದವನ್ನು ಓದಬಲ್ಲವರೂ ವಾರವಾರವೂ ಪ್ರಸಂಗವನ್ನು ಕೇಳುವವರೂ ಆದ ನಮಗೆ ಆ ಎಚ್ಚರಿಕೆಯು ಸೇರಿದ್ದು. ಬೆಳಕು ಹೆಚ್ಚಿದ ಹಾಗೆ ಲೆಕ್ಕವೂ ಹೆಚ್ಚುತ್ತದೆ. ಆ ಲೆಕ್ಕವನ್ನು ತೀರಿಸುವ ಕೃಪೆಯು ಅದಕ್ಕಿಂತಲೂ ಹೆಚ್ಚಾಗಿದೆ.